ಮನೆಯಲ್ಲೇ ರಿಪೇರಿ ಮಾಡಿದ ಮೇಲೆ ಓಮ್ನಿ ಮಿಸ್ಸಿಂಗ್ ಹೊಡೆದರೆ: ಕಾರ್ಬೊರೇಟರ್ ಎಂಜಿನ್‌ನ ದೋಷ ಹುಡುಕುವ ಸಮಗ್ರ ಮಾರ್ಗದರ್ಶಿ

1984ರಲ್ಲಿ ಮಾರುತಿ ವ್ಯಾನ್ ಎಂದು ರಸ್ತೆಗಿಳಿದು, 1988ರಲ್ಲಿ ಓಮ್ನಿ ಎಂಬ ಹೆಸರು ಪಡೆದು, 2019ರವರೆಗೂ ತಯಾರಾದ ಗಾಡಿ ಇದು. ಹಳೆಯ ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಮಾದರಿಗಳು ಇಂದಿಗೂ ನಮ್ಮ ಊರುಗಳಲ್ಲಿ ತರಕಾರಿ, ಹಾಲು, ಶಾಮಿಯಾನದ ಸಾಮಾನು ಹೊರುತ್ತಿವೆ. ಅದರ 796 ಸಿಸಿಯ ಮೂರು ಸಿಲಿಂಡರ್ ಎಫ್8ಬಿ ಎಂಜಿನ್ ಸರಳವಾದದ್ದು. ಸ್ಪ್ಯಾನರ್ ಹಿಡಿಯಲು ಬಂದವರು ಕಿಡಿ ಹಾರಿಸುವ ಪ್ಲಗ್, ಕಿಡಿಯ ಕ್ಷಣ ನಿಶ್ಚಯಿಸುವ ಪಾಯಿಂಟ್, ವಾಲ್ವುಗಳನ್ನು ತೆರೆಯುವ ಟ್ಯಾಪೆಟ್, ಕಾರ್ಬೊರೇಟರ್ ಎಲ್ಲವನ್ನೂ ಮನೆಯಂಗಳದಲ್ಲೇ ಬಿಚ್ಚಿ ಜೋಡಿಸಬಹುದು. ತೊಂದರೆ ಶುರುವಾಗುವುದು ಜೋಡಿಸಿದ ಮೇಲೆ. ಸ್ಟಾರ್ಟ್ ಆಗುತ್ತದೆ, ಆದರೆ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವುದು) ಸ್ಥಿರವಾಗಿರುವುದಿಲ್ಲ, ಗಾಡಿ ಗಡಗಡ ನಡುಗುತ್ತದೆ, ಪಿಕಪ್ ಇಲ್ಲ. ಸಿಲಿಂಡರು ಸರಿಯಾಗಿ ಉರಿಯದೆ ಹೊಡೆತ ತಪ್ಪಿಸುವ ಇದನ್ನೇ ಮಿಸ್ಸಿಂಗ್ ಎನ್ನುವುದು.

ರಿಪೇರಿಗೆ ಮೊದಲು ಓಡುತ್ತಿದ್ದ ಎಂಜಿನ್ ರಿಪೇರಿ ಆದಮೇಲೆ ಕೆಟ್ಟು ಓಡುತ್ತಿದ್ದರೆ, ದೋಷವನ್ನು ಮೊದಲು ಹುಡುಕಬೇಕಾದದ್ದು ನಿಮ್ಮ ಕೈ ತಾಗಿದ ಜಾಗದಲ್ಲಿ, ಆಮೇಲೆ ಆ ಜಾಗ ತಲುಪಲು ನೀವು ಪಕ್ಕಕ್ಕೆ ಸರಿಸಿದ ಹೋಸು, ವೈರುಗಳಲ್ಲಿ. ಹೊಸ ಬಿಡಿಭಾಗ ತರಲು ಅಂಗಡಿಗೆ ಹೋಗುವುದು ಕೊನೆಯ ಕೆಲಸ. ಕಾರ್ಬೊರೇಟರಿನ ಮಿಕ್ಸ್‌ಚರ್ ಸ್ಕ್ರೂ (ಪೆಟ್ರೋಲ್-ಗಾಳಿಯ ಪ್ರಮಾಣ ಹೊಂದಿಸುವ ತಿರುಪು) ತಿರುಗಿಸುವುದು ಅದಕ್ಕಿಂತಲೂ ಕೊನೆಯದು. ಬಹಳ ಮಂದಿ ಅದನ್ನೇ ಮೊದಲು ತಿರುಗಿಸುತ್ತಾರೆ. ಆಗ ಒಂದು ದೋಷ ಇದ್ದದ್ದು ಎರಡಾಗುತ್ತದೆ.

ಇದು ಮಿಸ್ಸಿಂಗೋ, ಬರೀ ನಡುಕವೋ?

ಮೂರು ಸಿಲಿಂಡರ್ ಎಂಜಿನ್‌ಗೆ ಹುಟ್ಟಿನಿಂದಲೇ ಸ್ವಲ್ಪ ನಡುಕ ಇದೆ. ಅದರ ಮೇಲೆ ಓಮ್ನಿಯಲ್ಲಿ ಎಂಜಿನ್ ಕೂತಿರುವುದು ಮುಂದಿನ ಸೀಟಿನ ಕೆಳಗೇ. ಹಾಗಾಗಿ ನಡುಗಿದ್ದೆಲ್ಲ ಮಿಸ್ಸಿಂಗ್ ಅಲ್ಲ. ಎಂಜಿನ್ ಬಿಸಿಯಾದ ಮೇಲೆ ಸೈಲೆನ್ಸರ್ ಬಾಯಿಯಿಂದ ಎರಡು ಇಂಚು ದೂರದಲ್ಲಿ ಒಂದು ಕಾಗದದ ಚೂರು ಹಿಡಿಯಿರಿ. ಹೊಗೆಯ ತಳ್ಳುವಿಕೆ ಒಂದೇ ಸಮ ಇದ್ದರೆ ಮೂರೂ ಸಿಲಿಂಡರ್ ದುಡಿಯುತ್ತಿವೆ. ಲಯಬದ್ಧವಾಗಿ ಒಂದೊಂದು ಪೆಟ್ಟು ತಪ್ಪುತ್ತಿದ್ದರೆ ಒಂದು ಸಿಲಿಂಡರ್ ಸತ್ತಿದೆ. ಲಯವೇ ಇಲ್ಲದೆ ಎಲ್ಲೆಂದರಲ್ಲಿ ತಪ್ಪಿದರೆ, ನಡುನಡುವೆ ಕಾಗದ ಒಳಕ್ಕೆ ಎಳೆದಂತಾದರೆ, ಗಾಳಿ ಸೋರಿಕೆ, ಪೆಟ್ರೋಲ್ ಕೊರತೆ ಅಥವಾ ಟ್ಯಾಪೆಟ್ ಕಡೆ ನೋಡಬೇಕು.

ಹೊಗೆ ಸಮವಾಗಿದ್ದೂ ಗಾಡಿ ನಡುಗುತ್ತಿದ್ದರೆ ಎಂಜಿನ್ ಮೌಂಟಿಂಗ್ ನೋಡಿ. ಕ್ಲಚ್ ಅಥವಾ ಗೇರ್‌ಬಾಕ್ಸ್ ಕೆಲಸ ಮಾಡಿದ್ದರೆ ಮೌಂಟಿಂಗ್ ರಬ್ಬರು ತಿರುಚಿಕೊಂಡೇ ಬೋಲ್ಟು ಬಿಗಿಯಾಗಿರುವುದು ಸಾಮಾನ್ಯ. ಎಲ್ಲ ಮೌಂಟಿಂಗ್ ಬೋಲ್ಟುಗಳನ್ನು ಸಡಿಲಿಸಿ, ಎಂಜಿನ್ ತನ್ನಷ್ಟಕ್ಕೆ ಕೂರುವಂತೆ ಅಲುಗಿಸಿ, ಮತ್ತೆ ಬಿಗಿಯಿರಿ. ಸೈಲೆನ್ಸರ್ ಪೈಪು ಎಲ್ಲಾದರೂ ಬಾಡಿಗೆ ತಾಗಿದರೂ ಇದೇ ನಡುಕ ಬರುತ್ತದೆ. ತಾಗಿದ ಕಡೆ ತಿಕ್ಕಿ ಹೊಳೆಯುವ ಗುರುತು ಇರುತ್ತದೆ.

ಕೆಲಸಕ್ಕೆ ಕೂರುವ ಮುನ್ನ

ಓಮ್ನಿಯಲ್ಲಿ ಸೀಟು ಎತ್ತಿ ಎಂಜಿನ್ ಓಡಿಸುವುದೆಂದರೆ ಪೆಟ್ರೋಲ್ ಆವಿ, ಬಿಸಿ ಸೈಲೆನ್ಸರ್, ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಕಿಡಿ ಮೂರೂ ಕ್ಯಾಬಿನ್ ಒಳಗೇ ಇದ್ದಂತೆ. ಎಲ್ಲ ಬಾಗಿಲು ತೆರೆದಿಡಿ, ಗಾಡಿಯನ್ನು ಬಯಲಿಗೆ ತನ್ನಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಆಳನ್ನೇ ಕೊಲ್ಲುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಡಿ, ಗೇರು ನ್ಯೂಟ್ರಲ್‌ನಲ್ಲಿರಲಿ, ಒಣ ಪುಡಿಯ ಅಗ್ನಿಶಾಮಕ ಕೈಗೆಟುಕುವಲ್ಲಿರಲಿ. ಪೆಟ್ರೋಲ್ ಲೈನ್ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ.

ಬೇಕಾದ ಸಾಮಾನು ಹೆಚ್ಚೇನಿಲ್ಲ: ಪ್ಲಗ್ ಸ್ಪ್ಯಾನರ್, 8ರಿಂದ 17 ನಂಬರಿನ ರಿಂಗ್ ಸ್ಪ್ಯಾನರುಗಳು, ಸಣ್ಣ ಸಂದು ಅಳೆಯುವ ಫೀಲರ್ ಗೇಜ್, ಮಲ್ಟಿಮೀಟರ್, ಎರಡು ವೈರು ಬೆಸೆದ 12 ವೋಲ್ಟಿನ ಸಣ್ಣ ಬಲ್ಬು, ಒಂದು ಹೆಚ್ಚುವರಿ ಪ್ಲಗ್, ನೀರು ತುಂಬಿದ ಸ್ಪ್ರೇ ಬಾಟಲಿ. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್, ಎಂಜಿನ್ ಗಾಳಿ ಎಳೆಯುವ ಬಲ ಅಳೆಯುವ ವ್ಯಾಕ್ಯೂಮ್ ಗೇಜ್, ಟೈಮಿಂಗ್ ಲೈಟ್ ಪರಿಚಯದ ಗ್ಯಾರೇಜಿನಲ್ಲಿ ಸಿಕ್ಕರೆ ಅನುಕೂಲ. ಜೊತೆಗೆ ಫೋನು. ಯಾವುದೇ ಹೋಸು, ವೈರು ಕಳಚುವ ಮೊದಲು ಫೋಟೊ ತೆಗೆದುಕೊಳ್ಳಿ.

ಏನನ್ನು ಮುಟ್ಟಿದಿರಿ?

ಮಾಡಿದ ಕೆಲಸದ ಪ್ರಕಾರ ಅನುಮಾನ ಎಲ್ಲಿ ಶುರುವಾಗಬೇಕು ಎಂಬುದು ಇಲ್ಲಿದೆ.

- ಪ್ಲಗ್, ಪ್ಲಗ್ ವೈರು ಬದಲಿಸಿದ್ದರೆ: ವೈರು ಅದಲುಬದಲು, ಕ್ಯಾಪ್ ಪೂರ್ತಿ ಒಳಗೆ ಕೂತಿಲ್ಲ, ಪ್ಲಗ್ ಬೀಳಿಸಿ ಗ್ಯಾಪ್ ಮುಚ್ಚಿದೆ ಅಥವಾ ಒಳಗಿನ ಪಿಂಗಾಣಿ ಬಿರುಕು ಬಿಟ್ಟಿದೆ.
- ಪಾಯಿಂಟ್, ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಭಾಗ) ಹಾಕಿದ್ದರೆ: ಗ್ಯಾಪ್ ತಪ್ಪು, ಟೈಮಿಂಗ್ (ಕಿಡಿ ಹಾರುವ ಕ್ಷಣ) ಮತ್ತೆ ಹೊಂದಿಸಿಲ್ಲ, ಪಾಯಿಂಟಿನ ಸಣ್ಣ ವೈರು ಪ್ಲೇಟಿಗೆ ತಾಗಿ ಅರ್ಥ್ ಆಗುತ್ತಿದೆ.
- ಕಾರ್ಬೊರೇಟರ್ ತೊಳೆದಿದ್ದರೆ: ಬುಡದಲ್ಲಿ ಗಾಳಿ ಸೋರಿಕೆ, ವ್ಯಾಕ್ಯೂಮ್ ಹೋಸು (ಎಂಜಿನ್ನಿನ ಗಾಳಿ ಎಳೆತ ಒಯ್ಯುವ ಕೊಳವೆ) ಬಿಟ್ಟುಹೋಗಿದೆ, ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತಿರುಪು) ಅದಲುಬದಲು, ಸೊಲೆನಾಯ್ಡ್ ವೈರು ಕಳಚಿದೆ.
- ಟ್ಯಾಪೆಟ್ ಹಿಡಿದಿದ್ದರೆ: ಒಂದು ವಾಲ್ವ್ ಬಿಗಿಯಾಗಿದೆ.
- ಟೈಮಿಂಗ್ ಬೆಲ್ಟ್ ಅಥವಾ ಹೆಡ್ ಗ್ಯಾಸ್ಕೆಟ್ ಹಾಕಿದ್ದರೆ: ಒಂದು ಹಲ್ಲು ಆಚೀಚೆ, ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಮಿಶ್ರಣ ಒಯ್ಯುವ ಕೊಳವೆ) ಪ್ಯಾಕಿಂಗ್ ಸೋರಿಕೆ, ಹೆಡ್ ಸಮತಟ್ಟಾಗಿಲ್ಲ.
- ಕ್ಲಚ್ ಹಾಕಿದ್ದರೆ: ಎಂಜಿನ್‌ನಿಂದ ಬಾಡಿಗೆ ಬರುವ ಅರ್ಥ್ ಪಟ್ಟಿ ಹಾಕಲು ಮರೆತಿದೆ. ಆಗ ಸ್ಟಾರ್ಟರಿನ ಕರೆಂಟು ಆಕ್ಸಿಲರೇಟರ್ ಕೇಬಲ್, ಚೋಕ್ ಕೇಬಲ್ ಮೂಲಕ ದಾರಿ ಹುಡುಕಿಕೊಳ್ಳುತ್ತದೆ. ಸ್ಟಾರ್ಟ್ ಮಾಡುವಾಗ ಕೇಬಲ್ ಬಿಸಿಯಾದರೆ ಇದೇ ಕಾರಣ.

ಚೋಕ್ ಬಗ್ಗೆ ಇಲ್ಲೇ ಒಂದು ಮಾತು. ಏರ್ ಫಿಲ್ಟರ್ ಮುಚ್ಚಳ ತೆಗೆದು ಚೋಕ್ ಗುಂಡಿಯನ್ನು ಪೂರ್ತಿ ಒಳಗೆ ತಳ್ಳಿ. ಮೇಲಿನ ತಗಡಿನ ಕವಾಟ ನೆಟ್ಟಗೆ, ಪೂರ್ತಿ ತೆರೆದುಕೊಂಡಿರಬೇಕು. ಕೇಬಲ್ ಕ್ಲಿಪ್ಪನ್ನು ಅರ್ಧ ಸೆಂಟಿಮೀಟರ್ ಆಚೀಚೆ ಹಿಡಿದಿದ್ದರೂ ಚೋಕ್ ಅರ್ಧ ಮುಚ್ಚಿಕೊಂಡೇ ಇರುತ್ತದೆ. ಕಪ್ಪು ಹೊಗೆ, ಕಪ್ಪಡರಿದ ಪ್ಲಗ್ ಎಂದು ಬರುವ ಗಾಡಿಗಳಲ್ಲಿ ಕಾರ್ಬೊರೇಟರ್ ಬಿಚ್ಚುವ ಮೊದಲು ನೋಡಬೇಕಾದ ಕಾಸಿಲ್ಲದ ಪರೀಕ್ಷೆ ಇದು.

ಯಾವ ಸಿಲಿಂಡರ್ ಸತ್ತಿದೆ?

ಟೈಮಿಂಗ್ ಬೆಲ್ಟ್ ಇರುವ ತುದಿಯದು 1ನೇ ಸಿಲಿಂಡರ್, ಗೇರ್‌ಬಾಕ್ಸ್ ಕಡೆಯದು 3ನೆಯದು. ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರುವಾಗ ಒಂದೊಂದೇ ಸಿಲಿಂಡರಿನ ಕಿಡಿ ನಿಲ್ಲಿಸಿ ನೋಡಬೇಕು. ಓಡುವಾಗ ಪ್ಲಗ್ ಕ್ಯಾಪನ್ನು ಬರಿಗೈಯಲ್ಲಿ ಎಳೆದರೆ ಹೊಡೆತ ತಪ್ಪಿದ್ದಲ್ಲ. ಕಿಡಿ ಗಾಳಿಯಲ್ಲಿ ಹಾರಿದರೆ ಪೆಟ್ರೋಲ್ ಆವಿಗೂ ಅಪಾಯ. ಹೀಗೆ ಮಾಡಿ:

1. ಎಂಜಿನ್ ನಿಲ್ಲಿಸಿ. 1ನೇ ಪ್ಲಗ್ಗಿನ ಕ್ಯಾಪ್ ತೆಗೆದು, ಅದಕ್ಕೆ ಹೆಚ್ಚುವರಿ ಪ್ಲಗ್ ಸಿಕ್ಕಿಸಿ. ಆ ಪ್ಲಗ್ಗಿನ ಲೋಹದ ಮೈಯನ್ನು ಕಾರ್ಬೊರೇಟರಿನಿಂದ ದೂರದಲ್ಲಿ ಎಂಜಿನ್ ಬ್ಲಾಕಿಗೆ ಕ್ಲಿಪ್ ವೈರಿನಿಂದ ಗಟ್ಟಿಯಾಗಿ ಕಟ್ಟಿ.
2. ಸ್ಟಾರ್ಟ್ ಮಾಡಿ. ಮೊದಲಿಗಿಂತ ಇನ್ನೂ ಕೆಟ್ಟು ಓಡಿದರೆ ಆ ಸಿಲಿಂಡರ್ ದುಡಿಯುತ್ತಿತ್ತು. ಏನೂ ವ್ಯತ್ಯಾಸ ಆಗದಿದ್ದರೆ ಸತ್ತಿರುವುದು ಅದೇ.
3. 2 ಮತ್ತು 3ಕ್ಕೂ ಹೀಗೇ ಮಾಡಿ. ಒಂದೊಂದಕ್ಕೂ ಕೆಲವೇ ಸೆಕೆಂಡು ಸಾಕು.

ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿಯಲ್ಲಿ ಈ ಪರೀಕ್ಷೆಯನ್ನು ಹೆಚ್ಚು ಹೊತ್ತು ಎಳೆಯಬೇಡಿ. ಸುಡದ ಪೆಟ್ರೋಲ್ ಒಳಗೆ ಹೋಗಿ ಅದು ಕೆಂಪಗೆ ಕಾಯುತ್ತದೆ.

ಸತ್ತ ಸಿಲಿಂಡರ್ ಗೊತ್ತಾದ ಮೇಲೆ ಅದರ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಿ, ಪಕ್ಕದ್ದನ್ನು ಇದಕ್ಕೆ ಹಾಕಿ. ಮಿಸ್ಸಿಂಗ್ ಪ್ಲಗ್ ಜೊತೆ ಹೋದರೆ ಪ್ಲಗ್ಗೇ ಕಾರಣ. ಹೋಗದಿದ್ದರೆ ವೈರು ಪರೀಕ್ಷಿಸಿ: ಮೂರೂ ವೈರುಗಳ ರೆಸಿಸ್ಟೆನ್ಸ್ ಅಳೆದು ಒಂದಕ್ಕೊಂದು ಹೋಲಿಸಿ. ಉದ್ದದ ವೈರಿನಲ್ಲಿ ಸ್ವಲ್ಪ ಹೆಚ್ಚಿರುತ್ತದೆ; ಆದರೆ ಒಂದು ಉಳಿದವಕ್ಕಿಂತ ಹಲವು ಪಟ್ಟು ತೋರಿಸಿದರೆ ಅಥವಾ ವೈರು ಬಗ್ಗಿಸಿದಾಗ ಮೀಟರಿನ ಮುಳ್ಳು ಹಾರಿದರೆ ಆ ವೈರು ಕಸಕ್ಕೆ. ಪ್ಲಗ್, ವೈರು ಎರಡೂ ಸರಿಯಿದ್ದು ಅದೇ ಸಿಲಿಂಡರ್ ಸತ್ತಿದ್ದರೆ ಕಂಪ್ರೆಷನ್, ಟ್ಯಾಪೆಟ್ ಅಥವಾ ಆ ಸಿಲಿಂಡರಿನ ಹತ್ತಿರದ ಮ್ಯಾನಿಫೋಲ್ಡ್ ಸೋರಿಕೆ.

ಕಿಡಿ, ಪಾಯಿಂಟ್, ಟೈಮಿಂಗ್

ಈ ಎಂಜಿನ್ನಿನ ಫೈರಿಂಗ್ ಆರ್ಡರ್ (ಸಿಲಿಂಡರುಗಳು ಉರಿಯುವ ಸರದಿ) 1-3-2. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಯಾರಾದರೂ ಸೆಲ್ಫ್ ಹೊಡೆಯುವಾಗ ಒಳಗಿನ ತಿರುಗುವ ತೋಳು, ಅಂದರೆ ರೋಟರ್, ಯಾವ ಕಡೆ ತಿರುಗುತ್ತದೆ ಎಂದು ಕಣ್ಣಾರೆ ನೋಡಿ. ಆ ದಿಕ್ಕಿನಲ್ಲೇ ಕ್ಯಾಪಿನ ಮೇಲೆ 1, ಆಮೇಲೆ 3, ಆಮೇಲೆ 2 ಬರಬೇಕು. ಮೂರೇ ವೈರು ಇರುವುದರಿಂದ ಒಂದು ಅನುಕೂಲ ಇದೆ: 1ನೆಯದು ಸರಿಯಾದ ಜಾಗದಲ್ಲಿದ್ದರೆ ತಪ್ಪಾಗಲು ಸಾಧ್ಯ ಇರುವುದು ಒಂದೇ ರೀತಿ, 2 ಮತ್ತು 3 ಅದಲುಬದಲು. ಆಗ ಎಂಜಿನ್ ಒಂದೇ ಸಿಲಿಂಡರಿನಲ್ಲಿ ಒದ್ದಾಡುತ್ತ ಕಾರ್ಬೊರೇಟರ್ ಬಾಯಿಯಲ್ಲಿ ಪಟ್ ಎಂದು ಹೊಡೆಯುತ್ತದೆ, ಬಹುಪಾಲು ಸ್ಟಾರ್ಟ್ ಆಗುವುದೇ ಇಲ್ಲ. ಮೂರೂ ಒಂದೊಂದು ಮನೆ ಸರಿದಿದ್ದರೆ ಸುತಾರಾಂ ಸ್ಟಾರ್ಟ್ ಆಗದು.

ಕ್ಯಾಪಿನ ಒಳಗೆ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಅದು ಕರೆಂಟು ಹರಿದ ಬಿರುಕು. ತೊಳೆದರೆ ಹೋಗುವುದಿಲ್ಲ, ಕ್ಯಾಪ್ ಬದಲಿಸಿ. ಎಂಜಿನ್ ಮೇಲೆ ನೀರು ಹೊಡೆದು ತೊಳೆದಿದ್ದರೆ ಅಥವಾ ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಗಾಡಿ ಹೊರಗೆ ನಿಂತಿದ್ದರೆ, ಮೊದಲು ಕ್ಯಾಪನ್ನು ಬಿಸಿಲಿಗಿಟ್ಟು ಒಣಗಿಸಿ. ನಡುವಿನ ಕಾರ್ಬನ್ ಕಡ್ಡಿ ಸ್ಪ್ರಿಂಗಿನ ಮೇಲೆ ಮೇಲೆ ಕೆಳಗೆ ಸಲೀಸಾಗಿ ಆಡಬೇಕು.

ಪಾಯಿಂಟ್ ಇರುವ ಡಿಸ್ಟ್ರಿಬ್ಯೂಟರಾದರೆ, ಕ್ಯಾಮಿನ ಎತ್ತರದ ಮೂಲೆ ಪಾಯಿಂಟಿನ ಹಿಮ್ಮಡಿಯನ್ನು ಪೂರ್ತಿ ತಳ್ಳಿ ನಿಂತಾಗ ಗ್ಯಾಪ್ 0.4ರಿಂದ 0.5 ಮಿಲಿಮೀಟರ್. ಫೀಲರ್ ಗೇಜಿನ ಎಣ್ಣೆ ಪಾಯಿಂಟಿಗೆ ಅಂಟಿದರೆ ಅದು ಸುಟ್ಟು ಕರಿ ಹಿಡಿಯುತ್ತದೆ. ಸೆಟ್ ಮಾಡಿದ ಮೇಲೆ ಒಣ ಗಟ್ಟಿ ಕಾಗದ ತೂರಿಸಿ ಎಳೆದು ಒರೆಸಿ. ಹಿಮ್ಮಡಿ ತಾಗುವ ಕ್ಯಾಮಿಗೆ ಕಡ್ಡಿ ತುದಿಯಷ್ಟು ಗ್ರೀಸ್ ಸಾಕು, ಹೆಚ್ಚಾದರೆ ಎರಚಿ ಪಾಯಿಂಟಿಗೆ ಹೋಗುತ್ತದೆ. ಹೊಸ ಪಾಯಿಂಟ್ ಕೆಲವೇ ದಿನದಲ್ಲಿ ಕರಕಲಾದರೆ ಅಥವಾ ಒಂದು ಕಡೆ ಗುಳಿ, ಇನ್ನೊಂದು ಕಡೆ ಉಬ್ಬು ಬಂದರೆ ಕಂಡೆನ್ಸರ್ ಮೇಲೆ ಅನುಮಾನ ಪಡಿ. ಇಲ್ಲಿ ಮಾರುಕಟ್ಟೆಯ ಒಂದು ಸತ್ಯ ಹೇಳಬೇಕು: ಅಗ್ಗದ ಹೊಸ ಕಂಡೆನ್ಸರಿಗಿಂತ ಓಡುತ್ತಿದ್ದ ಹಳೆಯದೇ ಎಷ್ಟೋ ಸಲ ಮೇಲು. ತೆಗೆದ ಹಳೆಯದನ್ನು ಎಸೆಯಬೇಡಿ, ವಾಪಸ್ ಹಾಕಿ ಪರೀಕ್ಷಿಸಲು ಬೇಕಾಗುತ್ತದೆ.

ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಗ್ಯಾಪ್ ಹೆಚ್ಚಿಸಿದರೆ ಪಾಯಿಂಟ್ ಬೇಗ ತೆರೆಯುತ್ತದೆ, ಕಿಡಿ ಮುಂದಕ್ಕೆ ಬರುತ್ತದೆ. ಕಡಿಮೆ ಮಾಡಿದರೆ ಹಿಂದಕ್ಕೆ ಹೋಗುತ್ತದೆ. ಆದ್ದರಿಂದ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಈ ಕ್ರಮ ಎಂದೂ ತಿರುವುಮುರುವು ಆಗಬಾರದು. ಟೈಮಿಂಗ್ ಲೈಟ್ ಇಲ್ಲದಿದ್ದರೆ ಬಲ್ಬಿನಿಂದಲೇ ಹೊಂದಿಸಬಹುದು:

1. 1ನೇ ಪ್ಲಗ್ ತೆಗೆದು ಆ ರಂಧ್ರಕ್ಕೆ ಬೆರಳೊತ್ತಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ ಓಡುವ ದಿಕ್ಕಿಗೇ ತಿರುಗಿಸಿ. ಗಾಳಿ ಬೆರಳನ್ನು ತಳ್ಳಿದರೆ ಅದು ಕಂಪ್ರೆಷನ್ ಸ್ಟ್ರೋಕ್.
2. ಕ್ಲಚ್ ಹೌಸಿಂಗಿನ ಕಿಂಡಿಯ ರಬ್ಬರ್ ಮುಚ್ಚಳ ತೆಗೆದು ಫ್ಲೈವೀಲ್ ನೋಡಿ. ಟಿ ಎಂದಿರುವುದು ಪಿಸ್ಟನ್ ತುತ್ತತುದಿಗೆ ಬಂದ ಗುರುತು. ಕಿಡಿ ಬರಬೇಕಾದದ್ದು ಅದಕ್ಕಿಂತ ಕೆಲವು ಡಿಗ್ರಿ ಮೊದಲು. ನಿಮ್ಮ ಗಾಡಿಯ ವರ್ಷದ ಕೈಪಿಡಿ ಹೇಳುವ ಡಿಗ್ರಿಗೆ ನಿಲ್ಲಿಸಿ. ದಾಟಿಹೋದರೆ ಹಿಂದಕ್ಕೆ ತಿರುಗಿಸಿ ನಿಲ್ಲಿಸಬೇಡಿ, ಗೇರಿನ ಸಡಿಲ ಲೆಕ್ಕ ತಪ್ಪಿಸುತ್ತದೆ. ಇನ್ನೆರಡು ಸುತ್ತು ತಿರುಗಿಸಿ ಮತ್ತೆ ಬನ್ನಿ.
3. ಬಲ್ಬಿನ ಒಂದು ವೈರು ಕಿಡಿಗೆ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ವೈರಿನ ಟರ್ಮಿನಲ್ಲಿಗೆ, ಇನ್ನೊಂದು ಅರ್ಥಿಗೆ. ಇಗ್ನಿಷನ್ ಆನ್ ಮಾಡಿ. ಪಾಯಿಂಟ್ ಮುಚ್ಚಿದ್ದಾಗ ಬಲ್ಬು ಆರಿರುತ್ತದೆ, ತೆರೆದ ಕ್ಷಣ ಹತ್ತುತ್ತದೆ.
4. ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ. ಮೈಯನ್ನು ರೋಟರ್ ತಿರುಗುವ ದಿಕ್ಕಿಗೇ ತಿರುಗಿಸಿ ಬಲ್ಬು ಆರಿಸಿ, ಆಮೇಲೆ ಎದುರು ದಿಕ್ಕಿಗೆ ನಿಧಾನ ತಿರುಗಿಸುತ್ತ ಬಲ್ಬು ಹತ್ತಿದಲ್ಲಿ ಬಿಗಿಯಿರಿ.

ಇಗ್ನಿಷನ್ ಆನ್ ಇಟ್ಟು ಚಹಾಕ್ಕೆ ಹೋಗಬೇಡಿ. ಪಾಯಿಂಟ್ ಮುಚ್ಚಿದ್ದರೆ ಕಾಯಿಲ್ ಕಾದು ಸುಡುತ್ತದೆ.

ಪ್ಲಗ್ ಗ್ಯಾಪ್ 0.7ರಿಂದ 0.8 ಮಿಲಿಮೀಟರ್. ಹೆಡ್ ಅಲ್ಯೂಮಿನಿಯಂ ಆದ್ದರಿಂದ ತಣ್ಣಗಿದ್ದಾಗಲೇ ಪ್ಲಗ್ ಹಾಕಿ, ಮೊದಲ ಕೆಲವು ಸುತ್ತು ಬೆರಳಲ್ಲೇ ತಿರುಗಬೇಕು. ವಾಷರ್ ಹೊಸದಿದ್ದರೆ ಕೈಬಿಗಿ ಆದಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತು. ಒಮ್ಮೆ ಬಿಗಿದು ತೆಗೆದ ಪ್ಲಗ್ಗಿಗೆ ಕಾಲು ಸುತ್ತಿಗಿಂತಲೂ ಕಡಿಮೆ.

ಕದ್ದು ನುಗ್ಗುವ ಗಾಳಿ

ಕಾರ್ಬೊರೇಟರ್ ಅಳೆದು ಕೊಡುವ ಗಾಳಿಯಲ್ಲದೆ ಬೇರೆ ದಾರಿಯಿಂದ ಒಳಬಂದ ಗಾಳಿ ಪೆಟ್ರೋಲ್ ಮಿಶ್ರಣವನ್ನು ತೆಳುಮಾಡುತ್ತದೆ. ಇದರ ಗುರುತು ಸ್ಪಷ್ಟ: ಐಡ್ಲಿಂಗ್ ಕೆಟ್ಟದು, ಆಕ್ಸಿಲರೇಟರ್ ಕೊಟ್ಟರೆ ಪರವಾಗಿಲ್ಲ, ಚೋಕ್ ಸ್ವಲ್ಪ ಎಳೆದರೆ ಎಂಜಿನ್ ಸಮಾಧಾನವಾಗುತ್ತದೆ. ಕಾರ್ಬೊರೇಟರ್ ತೆಗೆದು ಹಾಕಿದ ಗಾಡಿಯಲ್ಲಿ ನಮ್ಮ ಮೊದಲ ಅನುಮಾನ ಯಾವಾಗಲೂ ಇದರ ಮೇಲೇ.

ಮೊದಲು ಹೋಸುಗಳು. ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಡಬ್ಬಿಗೆ ಹೋಗುವುದು, ಎಂಜಿನ್ನಿನ ಉಸಿರಿನ ಹೋಸು, ಬ್ರೇಕ್ ಬೂಸ್ಟರ್ ಇದ್ದರೆ ಅದರದ್ದು. ಎಂಜಿನ್ ಓಡುವಾಗ ಒಂದೊಂದನ್ನೇ ಮ್ಯಾನಿಫೋಲ್ಡಿನ ಹತ್ತಿರ ಬೆರಳಿನಿಂದ ಹಿಸುಕಿ. ಯಾವುದನ್ನು ಹಿಸುಕಿದಾಗ ಐಡ್ಲಿಂಗ್ ದಿಢೀರ್ ಸುಧಾರಿಸುತ್ತದೋ ಸೋರಿಕೆ ಅದರ ಆಚೆ ತುದಿಯಲ್ಲಿದೆ. ವ್ಯಾಕ್ಯೂಮ್ ಡಬ್ಬಿಯ ಹೋಸನ್ನು ಬಾಯಿಂದ ಹೀರಿ ನಾಲಿಗೆಯಿಂದ ಮುಚ್ಚಿ. ಹಿಡಿತ ನಿಲ್ಲದಿದ್ದರೆ ಒಳಗಿನ ಡಯಾಫ್ರಮ್ (ರಬ್ಬರ್ ಪೊರೆ) ಹರಿದಿದೆ. ಯಾವುದೋ ಮೂತಿ ಬರಿದಾಗಿ ಬಾಯಿ ಬಿಟ್ಟುಕೊಂಡಿದೆಯೇ ಎಂದು ಟಾರ್ಚ್ ಹಾಕಿ ಕಾರ್ಬೊರೇಟರಿನ ಹಿಂಬದಿಯನ್ನೂ ನೋಡಿ.

ಆಮೇಲೆ ಪ್ಯಾಕಿಂಗುಗಳು. ಕಾರ್ಬೊರೇಟರ್ ಬುಡದ ಸುತ್ತ, ಮ್ಯಾನಿಫೋಲ್ಡ್ ಹೆಡ್ಡಿಗೆ ಕೂಡುವ ಗೆರೆಯ ಉದ್ದಕ್ಕೂ ನೀರನ್ನು ಸಣ್ಣಗೆ ಸ್ಪ್ರೇ ಮಾಡಿ, ಡಿಸ್ಟ್ರಿಬ್ಯೂಟರ್ ಮತ್ತು ವೈರುಗಳಿಗೆ ತಾಗದಂತೆ. ಸೋರುವ ಜಾಗಕ್ಕೆ ನೀರು ಬಿದ್ದಾಗ ಎಂಜಿನ್ನಿನ ಸದ್ದು ಬದಲಾಗುತ್ತದೆ. ಕಾರ್ಬೊರೇಟರ್ ಕ್ಲೀನರ್ ಅಥವಾ ಪೆಟ್ರೋಲ್ ಎರಚಿ ನೋಡುವ ರೂಢಿ ಗ್ಯಾರೇಜುಗಳಲ್ಲಿದೆ. ಎಂಜಿನ್ ಕ್ಯಾಬಿನ್ ಒಳಗಿರುವ ಗಾಡಿಯಲ್ಲಿ ಅದನ್ನು ಮಾಡಲೇಬಾರದು.

ಕಾರ್ಬೊರೇಟರ್ ಮತ್ತು ಮ್ಯಾನಿಫೋಲ್ಡ್ ನಡುವೆ ಬಿಸಿ ತಡೆಯುವ ದಪ್ಪ ಇನ್ಸುಲೇಟರ್ ಇದೆ. ಅದರ ಕೆಳಗೊಂದು ಪ್ಯಾಕಿಂಗ್, ಮೇಲೊಂದು ಪ್ಯಾಕಿಂಗ್. ಹಳೆಯ ಪ್ಯಾಕಿಂಗ್ ಚೂರು ಒಂದು ಮೂಲೆಯಲ್ಲಿ ಉಳಿದಿದ್ದರೂ ಸಾಕು, ಎಷ್ಟು ಬಿಗಿದರೂ ಗಾಳಿ ನುಗ್ಗುತ್ತದೆ. ಬಿಗಿದಷ್ಟೂ ಕಾರ್ಬೊರೇಟರಿನ ಬುಡದ ಕಿವಿಗಳು ಬಾಗಿ ಸಂದು ದೊಡ್ಡದಾಗುತ್ತದೆ. ಬುಡಕ್ಕೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಬೆಳಕಿಗೆ ಹಿಡಿಯಿರಿ. ಬಾಗಿದ್ದು ಕಂಡರೆ ಗಾಜಿನ ಹಲಗೆ ಮೇಲೆ ನಯವಾದ ಎಮರಿ ಕಾಗದ ಅಂಟಿಸಿ, ಬುಡವನ್ನು ಎಂಟರ ಆಕಾರದಲ್ಲಿ ತಿಕ್ಕಿ ಮಟ್ಟ ಮಾಡಿ, ಆಮೇಲೆ ಎಲ್ಲ ರಂಧ್ರಕ್ಕೂ ಗಾಳಿ ಹೊಡೆಯಿರಿ. ಸಿಲಿಕೋನ್ ಪೇಸ್ಟ್ ಮೆತ್ತಿ ಮುಚ್ಚುವುದು ಬೇಡ. ಪೆಟ್ರೋಲಿಗೆ ಅದು ಉಬ್ಬಿ ಕಿತ್ತುಬಂದು ಜೆಟ್ಟಿಗೆ ಸಿಕ್ಕಿಕೊಳ್ಳುತ್ತದೆ.

ವ್ಯಾಕ್ಯೂಮ್ ಗೇಜ್ ಹಾಕುವವರಿಗೆ ಒಂದು ಸೂಚನೆ. ಪುಸ್ತಕಗಳಲ್ಲಿ ಆರೋಗ್ಯವಂತ ಎಂಜಿನ್ನಿಗೆ 17ರಿಂದ 21 ಇಂಚು (ಪಾದರಸದ ಅಳತೆ) ಎಂದಿರುವುದು ಸಮುದ್ರಮಟ್ಟದ ಲೆಕ್ಕ. ಎತ್ತರ ಸಾವಿರ ಅಡಿ ಹೆಚ್ಚಿದಂತೆ ಸುಮಾರು ಒಂದು ಇಂಚು ಕಳೆಯಬೇಕು. ಬೆಂಗಳೂರು ಸುಮಾರು 3,000 ಅಡಿ ಎತ್ತರದಲ್ಲಿರುವುದರಿಂದ ಮಂಗಳೂರಿನಲ್ಲಿ 18 ತೋರಿಸುವ ಎಂಜಿನ್ ಬೆಂಗಳೂರಿನಲ್ಲಿ 15 ತೋರಿಸಿದರೆ ಅದು ರೋಗವಲ್ಲ. ಮೂರೇ ಸಿಲಿಂಡರ್ ಆದ್ದರಿಂದ ಮುಳ್ಳು ಸ್ವಲ್ಪ ಅದುರುವುದೂ ಸಹಜ. ಲಯಬದ್ಧವಾಗಿ ಒಂದೇ ಕಡೆ ಕುಸಿಯುತ್ತಿದ್ದರೆ ವಾಲ್ವ್ ಅಥವಾ ಸತ್ತ ಸಿಲಿಂಡರ್. ಕದಲದೆ ತೀರಾ ಕೆಳಗೆ ನಿಂತಿದ್ದರೆ ಸೋರಿಕೆ, ಹಿಂದಕ್ಕೆ ಹೋದ ಟೈಮಿಂಗ್ ಅಥವಾ ಹಲ್ಲು ತಪ್ಪಿದ ಬೆಲ್ಟ್.

ಕಾರ್ಬೊರೇಟರ್

ಕಿಡಿಯೂ ಗಾಳಿಯೂ ಸರಿ ಎಂದು ಖಾತ್ರಿಯಾದ ಮೇಲಷ್ಟೇ ಇಲ್ಲಿಗೆ ಬನ್ನಿ.

ಮೊದಲು ಐಡಲ್ ಸೊಲೆನಾಯ್ಡ್. ಕಾರ್ಬೊರೇಟರಿನ ಮೈಗೆ ತಿರುಪಿನಿಂದ ಕೂತ, ವೈರಿರುವ ಸಣ್ಣ ಸಿಲಿಂಡರ್ ಅದು. ಇಗ್ನಿಷನ್ ಆಫ್ ಮಾಡಿದಾಗ ಐಡ್ಲಿಂಗ್ ಪೆಟ್ರೋಲನ್ನು ತಡೆಯುತ್ತದೆ. ಇಗ್ನಿಷನ್ ಆನ್ ಮಾಡಿ ಅದರ ವೈರು ಕಳಚಿ ಮತ್ತೆ ತಾಗಿಸಿ, ಟಿಕ್ ಎನ್ನಬೇಕು. ಸದ್ದಿಲ್ಲದಿದ್ದರೆ ವೈರಿನಲ್ಲಿ 12 ವೋಲ್ಟ್ ಇದೆಯೇ ಅಳೆಯಿರಿ. ವೋಲ್ಟ್ ಇದ್ದೂ ಸದ್ದಿಲ್ಲವೆಂದರೆ ಸೊಲೆನಾಯ್ಡ್ ಸತ್ತಿದೆ. ಕಾಲು ಆಕ್ಸಿಲರೇಟರ್ ಮೇಲಿದ್ದರೆ ಓಡುತ್ತದೆ, ತೆಗೆದರೆ ತಕ್ಷಣ ಆಫ್ ಎಂಬ ದೂರಿಗೆ ಮೊದಲ ಶಂಕಿತ ಇದು.

ಎರಡನೆಯದು ಪೆಟ್ರೋಲ್ ಮಟ್ಟ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರಿನ ಗಾಜಿನ ಕಿಂಡಿಯಲ್ಲಿ ದುಂಡು ಗುರುತಿದೆ. ಮಟ್ಟಸ ನೆಲದಲ್ಲಿ ಗಾಡಿ ನಿಂತು ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಪೆಟ್ರೋಲ್ ಆ ಗುರುತಿನೊಳಗೆ ಇರಬೇಕು. ಮೇಲೇರಿದ್ದರೆ ಸೂಜಿ ವಾಲ್ವಿಗೆ ಕಸ ಸಿಕ್ಕಿದೆ, ವಾಷರ್ ಮರೆತಿದೆ ಅಥವಾ ಫ್ಲೋಟ್ ತೂತಾಗಿದೆ. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದ ಸದ್ದು ಬಂದರೆ ಬದಲಿಸಿ. ಕೆಳಗಿದ್ದರೆ ಪಂಪ್ ಕಡೆ ನೋಡಿ. ಮೆಕ್ಯಾನಿಕಲ್ ಪಂಪಿನಲ್ಲಿ ಒಳಬರುವ, ಹೊರಹೋಗುವ, ಟ್ಯಾಂಕಿಗೆ ಮರಳುವ ಹೋಸುಗಳು ಅದಲುಬದಲಾಗಿರಬಹುದು, ಫಿಲ್ಟರಿನ ಬಾಣ ಉಲ್ಟಾ ಇರಬಹುದು, ಪಂಪಿನ ಬುಡಕ್ಕೆ ಎರಡು ಪ್ಯಾಕಿಂಗ್ ಹಾಕಿ ಅದರ ತಳ್ಳುವಿಕೆ ಕಡಿಮೆಯಾಗಿರಬಹುದು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಏರುತ್ತಿದ್ದು ಪೆಟ್ರೋಲ್ ವಾಸನೆ ಬಂದರೆ ಪಂಪಿನ ಡಯಾಫ್ರಮ್ ಹರಿದಿದೆ. ಆ ಆಯಿಲ್ ಬದಲಿಸದೆ ಓಡಿಸಿದರೆ ಬೇರಿಂಗ್ ಹೋಗುತ್ತದೆ.

ಮೂರನೆಯದು ಜೆಟ್ಟುಗಳು. ಎರಡು ಬಾಯಿಯ ಕಾರ್ಬೊರೇಟರ್ ಇದು. ಮೊದಲ ಬಾಯಿಯ ಮತ್ತು ಎರಡನೆಯದರ ಮೇನ್ ಜೆಟ್ ನೋಡಲು ಒಂದೇ, ಮೇಲಿನ ನಂಬರು ಬೇರೆ. ಬಿಚ್ಚುವಾಗಲೇ ನಂಬರು ಬರೆದಿಟ್ಟುಕೊಳ್ಳದಿದ್ದರೆ ಅದಲುಬದಲಾಗುವ ಸಾಧ್ಯತೆ ಹೆಚ್ಚು. ಜೆಟ್ಟಿಗೆ ತಾಮ್ರದ ತಂತಿ, ಸೂಜಿ ತೂರಿಸಬೇಡಿ: ಹಿತ್ತಾಳೆಯ ತೂತು ಕೂದಲಿನಷ್ಟು ದೊಡ್ಡದಾದರೂ ಮೈಲೇಜ್ ಬೀಳುತ್ತದೆ, ಹಿಂದಿರುಗಿಸಲಾಗದು. ಪೆಟ್ರೋಲಿನಲ್ಲಿ ನೆನೆಸಿ, ಕಂಪ್ರೆಸರ್ ಗಾಳಿ ಹೊಡೆದರೆ ಸಾಕು. ಆಕ್ಸಿಲರೇಟರ್ ಪಂಪಿನ ದಾರಿಯಲ್ಲಿರುವ ಸಣ್ಣ ಉಕ್ಕಿನ ಗುಂಡು ತೊಳೆಯುವಾಗ ಬಿದ್ದುಹೋಗಿದ್ದರೆ, ಐಡ್ಲಿಂಗ್ ಚೆನ್ನಾಗಿದ್ದೂ ಕಾಲು ಒತ್ತಿದ ಕ್ಷಣ ಎಂಜಿನ್ ಮುಗ್ಗರಿಸುತ್ತದೆ. ಎಂಜಿನ್ ಆಫ್ ಇರುವಾಗ ಆಕ್ಸಿಲರೇಟರ್ ಎಳೆದು ಬಾಯಿಯೊಳಗೆ ನೋಡಿ. ಪೆಟ್ರೋಲಿನ ಸಣ್ಣ ಧಾರೆ ಚಿಮ್ಮಬೇಕು.

ಇಂದಿನ ಪೆಟ್ರೋಲ್ ಬಗ್ಗೆಯೂ ತಿಳಿದಿರಬೇಕು. ಶೇ 20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಯಕ್ರಮವೊಂದರಲ್ಲಿ ಬಿಡುಗಡೆಯಾಗಿ ಆಮೇಲೆ ದೇಶಕ್ಕೆಲ್ಲ ಹಬ್ಬಿತು. ಈ ಕಾರ್ಬೊರೇಟರಿನ ಜೆಟ್ ಅಳತೆ ಹಾಕಿದ್ದು ಎಥೆನಾಲ್ ಇಲ್ಲದ ಕಾಲದಲ್ಲಿ. ಎಥೆನಾಲಿನಲ್ಲಿ ಆಮ್ಲಜನಕ ಇರುವುದರಿಂದ ಅದೇ ಜೆಟ್ಟಿನಲ್ಲಿ ಮಿಶ್ರಣ ಕೊಂಚ ತೆಳುವಾಗುತ್ತದೆ. ಹಾಗಾಗಿ ಹಿಂದೆ ಸಹಿಸಿಕೊಳ್ಳುತ್ತಿದ್ದ ಸಣ್ಣ ಗಾಳಿ ಸೋರಿಕೆಯೂ ಈಗ ಮಿಸ್ಸಿಂಗ್ ಆಗಿ ತೋರುತ್ತದೆ. ಹಳೆಯ ರಬ್ಬರ್ ಹೋಸು, ಡಯಾಫ್ರಮ್ ಎಥೆನಾಲಿಗೆ ಉಬ್ಬಿ ಮೆತ್ತಗಾಗುತ್ತವೆ, ಟ್ಯಾಂಕಿನ ಹಳೆಯ ಜಿಡ್ಡು ಎದ್ದು ಫಿಲ್ಟರಿಗೆ ಬರುತ್ತದೆ. ಮಳೆಗಾಲ ಪೂರ್ತಿ ನಿಂತಿದ್ದ ಗಾಡಿಯಾದರೆ ಟ್ಯಾಂಕಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಅರ್ಧ ಗಂಟೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ. ಟ್ಯಾಂಕ್ ಬರಿದು ಮಾಡದೆ ಬೇರೆ ಉಪಾಯವಿಲ್ಲ. ಹೋಸು ಬದಲಿಸುವಾಗ ಎಥೆನಾಲ್ ತಡೆಯುವಂಥದ್ದನ್ನೇ ಕೇಳಿ ಹಾಕಿಸಿ.

ಎಲ್‌ಪಿಜಿ ಕಿಟ್ ಇರುವ ಓಮ್ನಿಗಳಿಗೆ ಒಂದು ಸುಲಭದ ಪರೀಕ್ಷೆ ಪುಕ್ಕಟೆ ಸಿಗುತ್ತದೆ. ಫ್ಲೋಟ್ ಚೇಂಬರಿನ ಪೆಟ್ರೋಲ್ ಮುಗಿಯುವವರೆಗೆ ಓಡಿಸಿ ಗ್ಯಾಸಿಗೆ ಬದಲಿಸಿ. ಗ್ಯಾಸಿನಲ್ಲಿ ನುಣ್ಣಗೆ ಓಡಿ ಪೆಟ್ರೋಲಿನಲ್ಲಿ ಮಾತ್ರ ಮಿಸ್ಸಿಂಗ್ ಎಂದರೆ ಕಾರ್ಬೊರೇಟರ್ ಒಳಗೇ ದೋಷ ಅಥವಾ ಪೆಟ್ರೋಲ್ ತಡೆಯುವ ಕಿಟ್ಟಿನ ಸೊಲೆನಾಯ್ಡ್. ಎರಡರಲ್ಲೂ ಒಂದೇ ಥರ ಕೆಟ್ಟರೆ ಕಿಡಿ, ಗಾಳಿ ಸೋರಿಕೆ, ಕಂಪ್ರೆಷನ್. ಗ್ಯಾಸಿನ ಪೈಪು, ರೆಗ್ಯುಲೇಟರಿಗೆ ಮಾತ್ರ ಮನೆಯಲ್ಲಿ ಕೈ ಹಾಕಬೇಡಿ.

ಟ್ಯಾಪೆಟ್, ಬೆಲ್ಟ್, ಕಂಪ್ರೆಷನ್

ತಣ್ಣಗಿನ ಎಂಜಿನ್ನಿನಲ್ಲಿ ಟ್ಯಾಪೆಟ್ ಸಂದು 0.13ರಿಂದ 0.18 ಮಿಲಿಮೀಟರ್, ಬಿಸಿಯಾಗಿದ್ದಾಗ 0.23ರಿಂದ 0.28. ತಣ್ಣಗಿನ ಅಳತೆಯನ್ನು ಬಿಸಿ ಎಂಜಿನ್ನಿಗೆ ಹಾಕಿದರೆ ಟ್ಯಾಪೆಟ್ ಬಿಗಿಯಾಗಿ ವಾಲ್ವ್ ಪೂರ್ತಿ ಮುಚ್ಚದೆ ಹೋಗಬಹುದು. ಬಿಗಿ ಟ್ಯಾಪೆಟ್ ಸದ್ದು ಮಾಡುವುದಿಲ್ಲ, ಅದೇ ಅಪಾಯ: ಎಂಜಿನ್ ನಿಶ್ಶಬ್ದವಾಗಿದೆ ಎಂದು ಖುಷಿಪಡುವಷ್ಟರಲ್ಲಿ ಎಗ್ಸಾಸ್ಟ್ ವಾಲ್ವ್ ಸುಟ್ಟಿರುತ್ತದೆ. 1ನೇ ಸಿಲಿಂಡರನ್ನು ಕಂಪ್ರೆಷನ್ ತುದಿಗೆ ತಂದು ಅದರ ಎರಡೂ ವಾಲ್ವ್ ಹಿಡಿಯಿರಿ. ಕ್ರ್ಯಾಂಕನ್ನು ಮೂರನೇ ಎರಡು ಸುತ್ತು, ಅಂದರೆ 240 ಡಿಗ್ರಿ, ಮುಂದಕ್ಕೆ ತಿರುಗಿಸಿ 3ನೆಯದು. ಇನ್ನೊಂದು 240 ಡಿಗ್ರಿಗೆ 2ನೆಯದು. ಲಾಕ್‌ನಟ್ ಬಿಗಿಯುವಾಗ ಸ್ಕ್ರೂ ಜೊತೆಗೇ ತಿರುಗಿಬಿಡುತ್ತದೆ, ಬಿಗಿದ ಮೇಲೆ ಮತ್ತೆ ಗೇಜ್ ತೂರಿಸಿ ನೋಡಲೇಬೇಕು.

ಕಂಪ್ರೆಷನ್ ಅಳೆಯಲು ಮೂರೂ ಪ್ಲಗ್ ತೆಗೆಯಿರಿ, ಕಾಯಿಲ್ಲಿನ ಸಣ್ಣ ವೈರು ಕಳಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಗೇಜಿನ ಮುಳ್ಳು ಏರುವುದು ನಿಲ್ಲುವವರೆಗೆ ಸೆಲ್ಫ್ ಹೊಡೆಯಿರಿ. ಹಳೆಯ ಎಂಜಿನ್ನಿನಲ್ಲಿ ಅಂಕಿಗಿಂತ ಅಂತರ ಮುಖ್ಯ: ಸಿಲಿಂಡರುಗಳ ನಡುವೆ 15 ಪಿಎಸ್‌ಐಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಇರುವ ಸಿಲಿಂಡರಿಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್ ಸವೆದಿದೆ; ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು ಸಿಲಿಂಡರಿನಲ್ಲೂ ಒಂದೇ ಸಮ ಕುಸಿದಿದ್ದರೆ ಅವೆರಡರ ನಡುವೆ ಹೆಡ್ ಗ್ಯಾಸ್ಕೆಟ್ ಹಾರಿದೆ. ಮೂರೂ ಒಂದೇ ಸಮ ಕಡಿಮೆ ಇದ್ದು, ಇತ್ತೀಚೆಗೆ ಬೆಲ್ಟ್ ಹಾಕಿದ್ದರೆ ಹಲ್ಲು ತಪ್ಪಿದೆ. ಕವರ್ ಬಿಚ್ಚಿ, ಪ್ಲಗ್ಗಿಲ್ಲದೆ ಕ್ರ್ಯಾಂಕನ್ನು ಕೈಯಲ್ಲಿ ಪೂರ್ತಿ ಎರಡು ಸುತ್ತು ತಿರುಗಿಸಿ, ಕ್ಯಾಮ್ ಪುಲ್ಲಿ ಮತ್ತು ಕ್ರ್ಯಾಂಕ್ ಪುಲ್ಲಿಯ ಗುರುತು ಎರಡೂ ಒಟ್ಟಿಗೆ ಸೇರುತ್ತವೆಯೇ ನೋಡಿ.

ಕೊನೆಗೆ ಐಡ್ಲಿಂಗ್

ಎಂಜಿನ್ ಪೂರ್ತಿ ಬಿಸಿ, ಚೋಕ್ ತೆರೆದಿದೆ, ಏರ್ ಫಿಲ್ಟರ್ ಹಾಕಿದೆ, ಲೈಟುಗಳು ಆಫ್. ಮಿಕ್ಸ್‌ಚರ್ ಸ್ಕ್ರೂ ಈಗಾಗಲೇ ಎಲ್ಲೆಲ್ಲೋ ತಿರುಗಿದ್ದರೆ ಎಂಜಿನ್ ನಿಲ್ಲಿಸಿ, ಮೆಲ್ಲಗೆ ತಳ ತಾಗುವವರೆಗೆ ಒಳಗೆ ತಿರುಗಿಸಿ (ಒತ್ತಿದರೆ ಸೂಜಿಯ ತುದಿ ಕೆಡುತ್ತದೆ), ಅಲ್ಲಿಂದ ಎರಡು ಸುತ್ತು ಹೊರಗೆ ತೆಗೆದು ಶುರುಮಾಡಿ. ಐಡಲ್ ಸ್ಕ್ರೂನಿಂದ 900 ಆರ್‌ಪಿಎಂ ಆಸುಪಾಸಿಗೆ ತನ್ನಿ. ಮಿಕ್ಸ್‌ಚರ್ ಸ್ಕ್ರೂ ಕಾಲು ಕಾಲು ಸುತ್ತು ತಿರುಗಿಸುತ್ತ, ಪ್ರತಿ ಸಲ ಅರ್ಧ ನಿಮಿಷ ಕಾದು, ಎಂಜಿನ್ ಅತಿ ವೇಗವಾಗಿ, ನುಣ್ಣಗೆ ಓಡುವ ಜಾಗ ಹಿಡಿಯಿರಿ. ವೇಗ ಏರಿದರೆ ಐಡಲ್ ಸ್ಕ್ರೂನಿಂದ ಇಳಿಸಿ, ಮತ್ತೊಮ್ಮೆ ಮಿಕ್ಸ್‌ಚರ್ ನೋಡಿ. ಸ್ಕ್ರೂ ಎತ್ತ ತಿರುಗಿಸಿದರೂ ಎಂಜಿನ್ ಲೆಕ್ಕಿಸದಿದ್ದರೆ ಐಡಲ್ ಜೆಟ್ ಕಟ್ಟಿದೆ ಅಥವಾ ಥ್ರಾಟಲ್ ಕವಾಟ ಅಗತ್ಯಕ್ಕಿಂತ ಹೆಚ್ಚು ತೆರೆದಿದೆ. ಕಾರ್ಬೊರೇಟರ್ ಭಾಗಕ್ಕೆ ಮರಳಿ.

ಅಂತಿಮ ಹೊಂದಾಣಿಕೆಯನ್ನು ಎಮಿಷನ್ ಟೆಸ್ಟ್ ಕೇಂದ್ರದ ಯಂತ್ರದ ಮುಂದೆ ಮಾಡಿಕೊಳ್ಳುವುದು ಒಳ್ಳೆಯದು. ಹೊಗೆ ಮಾಲಿನ್ಯ ನಿಯಮವಾದ ಭಾರತ್ ಸ್ಟೇಜ್-2ಕ್ಕಿಂತ ಹಿಂದಿನ ಪೆಟ್ರೋಲ್ ನಾಲ್ಕು ಚಕ್ರದ ಗಾಡಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ 3, ಹೈಡ್ರೋಕಾರ್ಬನ್ (ಸುಡದೆ ಉಳಿದ ಪೆಟ್ರೋಲ್) ಮಿತಿ 1,500 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ). ಆ ಚೀಟಿಯೇ ಒಂದು ರೋಗಪತ್ರ: ಮೊನಾಕ್ಸೈಡ್ ಹೆಚ್ಚಿದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ, ಮೊನಾಕ್ಸೈಡ್ ಕಡಿಮೆ ಇದ್ದು ಹೈಡ್ರೋಕಾರ್ಬನ್ ಮಾತ್ರ ವಿಪರೀತ ಇದ್ದರೆ ಎಲ್ಲೋ ಒಂದು ಸಿಲಿಂಡರ್ ಆಗಾಗ ಉರಿಯದೆ ಬಿಡುತ್ತಿದೆ, ಅಥವಾ ಗಾಳಿ ಇನ್ನೂ ಸೋರುತ್ತಿದೆ. ಆಮೇಲೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ, ತಣ್ಣಗಾದ ಮೇಲೆ ಮೂರೂ ಪ್ಲಗ್ ತೆಗೆದು ಅಕ್ಕಪಕ್ಕ ಇಟ್ಟು ನೋಡಿ. ಮೂರೂ ತಿಳಿ ಕಂದು ಇರಬೇಕು. ಒಂದು ಮಾತ್ರ ಬಿಳಿಚಿಕೊಂಡಿದ್ದರೆ ಆ ಸಿಲಿಂಡರಿನ ಪಕ್ಕದ ಮ್ಯಾನಿಫೋಲ್ಡ್ ಪ್ಯಾಕಿಂಗಿಗೆ ಮತ್ತೆ ನೀರಿನ ಸ್ಪ್ರೇ ಹಿಡಿಯಿರಿ. ಒಂದು ಮಾತ್ರ ಎಣ್ಣೆಯಲ್ಲಿ ಒದ್ದೆಯಾಗಿದ್ದರೆ ಆ ಸಿಲಿಂಡರಿನ ವಾಲ್ವ್ ಸೀಲ್ ಅಥವಾ ರಿಂಗ್ ಹೋಗಿದೆ, ಅದು ಹೆಡ್ ಬಿಚ್ಚಿ ನೋಡಬೇಕಾದ ಕೆಲಸ.